ಹಗೆಯ ಮನೆಯ ಅಳಲು

ಕ್ರಿ.ಪೂ. 494ರಲ್ಲಿ ಪರ್ಷಿಯದ ಸೇನೆ ಏಷ್ಯಾ ಮೈನರಿನ ಕರಾವಳಿಯಲ್ಲಿದ್ದ ಮಿಲೇಟಸ್ ಎಂಬ ಗ್ರೀಕ್ ಪಟ್ಟಣವನ್ನು ಮುತ್ತಿ ವಶಪಡಿಸಿಕೊಂಡಿತು. ಗಂಡಸರಲ್ಲಿ ಹೆಚ್ಚಿನವರು ಕತ್ತಿಗೆ ತುತ್ತಾದರು. ಹೆಂಗಸರು, ಮಕ್ಕಳು ಸೆರೆಯಾಗಿ ದಾಸ್ಯಕ್ಕೆ ಹೋದರು. ಮಿಲೇಟಸಿನವರನ್ನು ಅಥೆನ್ಸಿನ ಜನ ತಮ್ಮ ಬಳಗದವರೆಂದೇ ಎಣಿಸುತ್ತಿದ್ದರು. ಆ ಕರಾವಳಿಯವರು ಪರ್ಷಿಯದ ವಿರುದ್ಧ ಬಂಡೆದ್ದಾಗ ಅಥೆನ್ಸ್ ಮೊದಲು 20 ಹಡಗುಗಳನ್ನು ಕಳುಹಿಸಿ, ಆಮೇಲೆ ಕೈಬಿಟ್ಟಿತ್ತು. ಪಟ್ಟಣ ಬಿದ್ದ ಸ್ವಲ್ಪ ಕಾಲದಲ್ಲೇ ಫ್ರಿನಿಕಸ್ ಎಂಬ ಕವಿ ಅದನ್ನೇ ವಸ್ತುವಾಗಿಸಿ ನಾಟಕ ಬರೆದು ಅಥೆನ್ಸಿನಲ್ಲಿ ಆಡಿಸಿದ. ನೋಡಲು ಕುಳಿತಿದ್ದ ಜನರೆಲ್ಲ ಕಣ್ಣೀರಿಟ್ಟರು. ಆಮೇಲೆ ನಗರ ಮಾಡಿದ ಕೆಲಸವೆಂದರೆ ಕವಿಗೆ 1000 ದ್ರಾಕ್ಮಾ ದಂಡ ಹಾಕಿ, ಆ ನಾಟಕವನ್ನು ಇನ್ನು ಮುಂದೆ ಯಾರೂ ಆಡಕೂಡದೆಂದು ಆಜ್ಞೆ ಹೊರಡಿಸಿದ್ದು. ಇದನ್ನು ದಾಖಲಿಸಿರುವ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಕಾರಣವನ್ನೂ ಹೇಳುತ್ತಾನೆ: ಕವಿ ಜನರಿಗೆ ಅವರದೇ ಸಂಕಟವನ್ನು ನೆನಪಿಸಿದ್ದ. ಅದೇ ಶತಮಾನದ ಕೊನೆಯ ಲೆಕ್ಕದಂತೆ ನುರಿತ ಕೆಲಸಗಾರನ ದಿನದ ಕೂಲಿ ಒಂದು ದ್ರಾಕ್ಮಾ. ಅಳಿಸಿದ್ದಕ್ಕೆ ತೆತ್ತ ಬೆಲೆ ಸಣ್ಣದಲ್ಲ.

ಗ್ರೀಕ್ ರುದ್ರನಾಟಕಗಳ ಕಡೆಗೆ ಹೊಸದಾಗಿ ಬರುವವರಿಗೆ ಸಾಮಾನ್ಯವಾಗಿ ಮೊದಲು ಕೈಗಿಡುವುದು ತತ್ವಜ್ಞಾನಿ ಅರಿಸ್ಟಾಟಲನ ಕಾವ್ಯಮೀಮಾಂಸೆಯನ್ನು. ಕರುಣೆ, ಭಯ, ಕೆಥಾರ್ಸಿಸ್ (ಭಾವಶುದ್ಧಿ), ನಾಯಕನ ಪ್ರಮಾದ, ಕಥೆಯ ತಿರುವು, ಗುರುತಿನ ಗಳಿಗೆ ಎಂದು ಪಾರಿಭಾಷಿಕ ಶಬ್ದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿ, ಅದಾದ ಬಳಿಕ ನಾಟಕಗಳನ್ನು ಆ ಪಟ್ಟಿಗೆ ಉದಾಹರಣೆಗಳೆಂಬಂತೆ ಓದಿಸುತ್ತಾರೆ. ಅರಿಸ್ಟಾಟಲ್ ಹುಟ್ಟಿದ್ದು ಕ್ರಿ.ಪೂ. 384ರಲ್ಲಿ, ಆ ಹೊತ್ತಿಗೆ ಅಥೆನ್ಸಿನ ಮೂವರು ಮಹಾ ನಾಟಕಕಾರರಲ್ಲಿ ಈಸ್ಕಿಲಸ್ ಸತ್ತು ಎಪ್ಪತ್ತು ವರ್ಷ ದಾಟಿತ್ತು, ಸೊಫೊಕ್ಲಿಸ್ ಮತ್ತು ಯೂರಿಪಿಡೀಸ್ ಇಬ್ಬರೂ ತೀರಿಕೊಂಡು ಇಪ್ಪತ್ತು ವರ್ಷಗಳ ಮೇಲಾಗಿತ್ತು. ಆತನ ಮಾತುಗಳು ಬೆಲೆಯುಳ್ಳವೇ, ಆದರೆ ಅವು ಒಂದು ಕಲೆ ತನ್ನ ಉಚ್ಛ್ರಾಯವನ್ನು ಮುಗಿಸಿದ ಮೇಲೆ ಅದರ ಕೃತಿಗಳನ್ನು ಎದುರಿಗಿಟ್ಟುಕೊಂಡು ಮಾಡಿದ ವಿಶ್ಲೇಷಣೆ. ನನಗೆ ಫ್ರಿನಿಕಸನ ದಂಡದ ಕಥೆಯೇ ಒಳ್ಳೆಯ ಬಾಗಿಲು ಎಂದು ತೋರುತ್ತದೆ. ಒಂದು ಊರು ತನ್ನ ಸಂಕಟವನ್ನು ನೇರವಾಗಿ ನೋಡಲು ಒಪ್ಪುವುದಿಲ್ಲ; ನೋಡದೆ ಇರಲೂ ಅದಕ್ಕೆ ಆಗುವುದಿಲ್ಲ. ಹಾಗಿದ್ದರೆ ಅದನ್ನು ಎಷ್ಟು ದೂರದಲ್ಲಿಟ್ಟು ತೋರಿಸಬೇಕು? ಮುಂದಿನ ಸುಮಾರು ತೊಂಬತ್ತು ವರ್ಷಗಳ ಅಥೆನ್ಸಿನ ನಾಟಕಕಾರರೆಲ್ಲ ತಮ್ಮ ತಮ್ಮ ರೀತಿಯಲ್ಲಿ ಈ ದೂರವನ್ನು ಅಳೆಯುತ್ತಿದ್ದರು ಎಂಬುದು ನನ್ನ ಓದು.

ಈ ನಾಟಕಗಳು ನಡೆಯುತ್ತಿದ್ದುದು ಮುಖ್ಯವಾಗಿ ಡಯೊನೀಸಸ್ ದೇವರ ವಸಂತೋತ್ಸವದಲ್ಲಿ, ಅಂದರೆ ಮಾರ್ಚ್-ಏಪ್ರಿಲ್ ಸುಮಾರಿಗೆ, ಅಕ್ರೊಪೊಲಿಸ್ ಬೆಟ್ಟದ ದಕ್ಷಿಣದ ಇಳಿಜಾರಿನಲ್ಲಿ. ಈಗ ಪ್ರವಾಸಿಗರು ನೋಡುವ ಕಲ್ಲಿನ ಮೆಟ್ಟಿಲುಗಳ ಭವ್ಯ ರಂಗಮಂದಿರ ಕ್ರಿ.ಪೂ. 4ನೆಯ ಶತಮಾನದಲ್ಲಿ ಲೈಕರ್ಗಸ್ ಎಂಬ ಆಡಳಿತಗಾರನ ಕಾಲಕ್ಕೆ ಪೂರ್ಣಗೊಂಡದ್ದು. ಮೂವರು ಮಹಾಕವಿಗಳ ಕಾಲದಲ್ಲಿ ಜನ ಕುಳಿತಿದ್ದುದು ಮರದ ಹಲಗೆಗಳ ಮೇಲೆ. ಪ್ರತಿ ಉತ್ಸವದಲ್ಲೂ ಮೂವರು ಕವಿಗಳು ಪೈಪೋಟಿಗೆ ಇಳಿಯುತ್ತಿದ್ದರು. ಒಬ್ಬೊಬ್ಬ ಕವಿಯೂ ಮೂರು ರುದ್ರನಾಟಕಗಳನ್ನೂ, ಅವುಗಳ ಬೆನ್ನಿಗೆ ಅರೆಮೃಗ ರೂಪದ ಸೇಟರರು ಕುಣಿಯುವ ಒಂದು ವಿನೋದದ ಆಟವನ್ನೂ ಒದಗಿಸಬೇಕಾಗಿತ್ತು. ಯಾವ ಕವಿಗೆ ಅವಕಾಶ ಕೊಡಬೇಕೆಂಬುದನ್ನು ನಗರದ ಅಧಿಕಾರಿ ತೀರ್ಮಾನಿಸುತ್ತಿದ್ದ. ಮೇಳವನ್ನು ಸಾಕಿ, ತರಬೇತು ಮಾಡಿಸಿ, ಉಡುಗೆ ಹೊಲಿಸುವ ವೆಚ್ಚ ಒಬ್ಬ ಸಿರಿವಂತ ನಾಗರಿಕನ ಮೇಲೆ ಬೀಳುತ್ತಿತ್ತು. ಅದು ಒಂದು ಬಗೆಯ ತೆರಿಗೆಯೂ ಹೌದು, ಹೆಮ್ಮೆಯೂ ಹೌದು. ಹತ್ತು ಕುಲಗಳಿಂದ ಚೀಟಿ ಎತ್ತಿ ಆರಿಸಿದ ಹತ್ತು ಮಂದಿ ತೀರ್ಪುಗಾರರಾಗುತ್ತಿದ್ದರು.

ನಾಟಕ ತೊಡಗುವ ಮೊದಲು ಅಲ್ಲಿ ಏನು ನಡೆಯುತ್ತಿತ್ತೆಂಬುದನ್ನೂ ಗಮನಿಸಬೇಕು. ಸೇನಾಪತಿಗಳು ದೇವರಿಗೆ ಮದ್ಯದ ತರ್ಪಣ ಬಿಡುತ್ತಿದ್ದರು. ಅಧೀನ ರಾಜ್ಯಗಳಿಂದ ಬಂದ ಕಪ್ಪದ ಬೆಳ್ಳಿಯನ್ನು ಜನರ ಕಣ್ಣೆದುರಿಗೆ ತಂದು ಮೆರೆಸುತ್ತಿದ್ದರು. ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡು ನಗರದ ಖರ್ಚಿನಲ್ಲಿ ಬೆಳೆದ ಹುಡುಗರು ವಯಸ್ಸಿಗೆ ಬಂದಾಗ ನಗರವೇ ಕೊಟ್ಟ ಕವಚ ತೊಟ್ಟು ಮೆರವಣಿಗೆಯಲ್ಲಿ ಬರುತ್ತಿದ್ದರು. ಸಾಮ್ರಾಜ್ಯದ ಸಂಪತ್ತು, ಶೌರ್ಯ, ತ್ಯಾಗ ಎಲ್ಲವೂ ಹೀಗೆ ಪ್ರದರ್ಶನವಾದ ಅದೇ ಅಂಗಳದಲ್ಲಿ, ಅದಾದ ಮೇಲೆ, ಗೆದ್ದವರ ಸೊಕ್ಕು ಮುರಿಯುವ ಕಥೆಗಳು ನಡೆಯುತ್ತಿದ್ದವು. ಎರಡನ್ನೂ ಏರ್ಪಡಿಸಿದ್ದು ಒಂದೇ ನಗರ.

ರಂಗದ ಮೇಲಿನ ವ್ಯವಸ್ಥೆ ಸರಳ. ಸಂಪ್ರದಾಯದ ಪ್ರಕಾರ ಕ್ರಿ.ಪೂ. 534ರ ಸುಮಾರಿಗೆ ಥೆಸ್ಪಿಸ್ ಎಂಬಾತ ಹಾಡಿ ಕುಣಿಯುವ ಮೇಳಕ್ಕೆ ಎದುರಾಗಿ ಒಬ್ಬ ನಟನನ್ನು ನಿಲ್ಲಿಸಿದ. ಎರಡನೆಯ ನಟನನ್ನು ಈಸ್ಕಿಲಸ್ ತಂದ, ಮೂರನೆಯವನನ್ನು ಸೊಫೊಕ್ಲಿಸ್ ತಂದ ಎನ್ನುವುದು ಅರಿಸ್ಟಾಟಲನ ಮಾತು. ಅಲ್ಲಿಗೆ ಲೆಕ್ಕ ನಿಂತಿತು. ಎಷ್ಟೇ ಪಾತ್ರಗಳಿದ್ದರೂ ಮಾತನಾಡುವ ನಟರು ಮೂವರೇ, ಎಲ್ಲರೂ ಗಂಡಸರೇ. ಗಟ್ಟಿ ಮಾಡಿದ ನಾರುಬಟ್ಟೆಯ, ಕೂದಲು ಸಹಿತವಾದ ಮುಖವಾಡವನ್ನು ಬದಲಿಸಿಕೊಂಡು ಒಬ್ಬನೇ ನಟ ದೊರೆಯಾಗಿ ಒಳಹೋಗಿ ದೂತನಾಗಿ ಹೊರಬರುತ್ತಿದ್ದ. ಆ ಮುಖವಾಡಗಳಲ್ಲಿ ಒಂದೂ ಉಳಿದಿಲ್ಲ. ಮೇಳದಲ್ಲಿ ಮೊದಲು 12 ಮಂದಿ, ಸೊಫೊಕ್ಲಿಸನ ಕಾಲದಿಂದ 15. ಜೋಡಿ ಕೊಳಲಿನ ದನಿಗೆ ಅವರು ಹಾಡುತ್ತ, ಕುಣಿಯುತ್ತ, ನಡುನಡುವೆ ಪಾತ್ರಗಳೊಡನೆ ಮಾತನಾಡುತ್ತ ಸಾಮಾನ್ಯವಾಗಿ ಕೊನೆಯವರೆಗೂ ರಂಗದಲ್ಲೇ ಇರುತ್ತಿದ್ದರು. ಯಕ್ಷಗಾನ ನೋಡಿ ಬೆಳೆದವರಿಗೆ ಇದರಲ್ಲಿ ಬಹಳಷ್ಟು ವಿವರಿಸಬೇಕಾಗಿಲ್ಲ: ಕಥೆ ಎಲ್ಲರಿಗೂ ಮೊದಲೇ ಗೊತ್ತು, ಮುಂದೇನಾಗುವುದು ಎಂಬ ಕುತೂಹಲಕ್ಕಾಗಿ ಯಾರೂ ಬಂದಿಲ್ಲ, ಇವತ್ತು ಈ ಪಾತ್ರ ಏನು ಮಾತನಾಡುತ್ತದೆ ಎಂಬುದಕ್ಕಾಗಿ ಬಂದಿದ್ದಾರೆ.

ಪೂರ್ಣವಾಗಿ ಉಳಿದಿರುವ ಗ್ರೀಕ್ ನಾಟಕಗಳಲ್ಲಿ ಅತ್ಯಂತ ಹಳೆಯದೆಂದು ಈಗ ಎಣಿಸುವುದು ಈಸ್ಕಿಲಸನ ‘ಪರ್ಷಿಯನ್ನರು’. ಕ್ರಿ.ಪೂ. 472ರಲ್ಲಿ ಆಡಿದ್ದು, ಆ ವರ್ಷ ಅದರ ಮೇಳದ ವೆಚ್ಚ ಹೊತ್ತವನು ಮುಂದೆ ಅಥೆನ್ಸಿನ ನಾಯಕನಾದ, ಆಗಿನ್ನೂ ತರುಣನಾಗಿದ್ದ ಪೆರಿಕ್ಲಿಸ್. ಎಂಟು ವರ್ಷಗಳ ಹಿಂದೆ, ಕ್ರಿ.ಪೂ. 480ರಲ್ಲಿ, ಪರ್ಷಿಯದ ಸಾಮ್ರಾಟ ಕ್ಸೆರ್‌ಕ್ಸೀಸ್ ಅಥೆನ್ಸನ್ನು ಹೊಕ್ಕು ಅಕ್ರೊಪೊಲಿಸಿನ ಗುಡಿಗಳನ್ನು ಸುಟ್ಟಿದ್ದ. ಅದಾದ ಬೆನ್ನಿಗೇ ಸಲಾಮಿಸಿನ ಇಕ್ಕಟ್ಟಾದ ಜಲಸಂಧಿಯಲ್ಲಿ ಅವನ ನೌಕಾಪಡೆ ನುಚ್ಚುನೂರಾಯಿತು. ಈಗ ನಾವು ಚಿತ್ರಗಳಲ್ಲಿ ನೋಡುವ ಪಾರ್ಥೆನಾನ್ ಕಟ್ಟಲು ತೊಡಗಿದ್ದು ಕ್ರಿ.ಪೂ. 447ರಲ್ಲಿ. ಎಂದರೆ ಈ ನಾಟಕ ನೋಡಿದವರು ಕುಳಿತಿದ್ದುದು ಹಗೆಗಳು ಸುಟ್ಟ ಗುಡಿಗಳ ಅವಶೇಷದ ಕೆಳಗೆ. ಅವರಲ್ಲಿ ಅನೇಕರು ಸಲಾಮಿಸಿನಲ್ಲಿ ಹಡಗಿನ ಹುಟ್ಟು ಹಾಕಿ ಕಾದಿದವರು. ಕವಿಯೂ ಅದಕ್ಕೆ ಹಿಂದೆ ಪರ್ಷಿಯನ್ನರ ವಿರುದ್ಧ ನಡೆದ ಮ್ಯಾರಥಾನ್ ಕಾಳಗದಲ್ಲಿ ಹೋರಾಡಿದವನೇ. ಅವನದೆಂದು ಹೇಳುವ ಸಮಾಧಿಲೇಖ ಮ್ಯಾರಥಾನನ್ನು ನೆನೆಯುತ್ತದೆ, ನಾಟಕಗಳ ವಿಷಯ ಎತ್ತುವುದೇ ಇಲ್ಲ.

ಇಂತಹ ಜನರ ಮುಂದೆ ಈಸ್ಕಿಲಸ್ ವಿಜಯೋತ್ಸವದ ನಾಟಕ ಬರೆಯಬಹುದಿತ್ತು. ಅವನು ರಂಗವನ್ನು ಸೂಸಾದಲ್ಲಿ, ಪರ್ಷಿಯದ ಅರಮನೆಯಂಗಳದಲ್ಲಿ ಇಟ್ಟ. ನಾಟಕದುದ್ದಕ್ಕೂ ಗ್ರೀಕ್ ಪಾತ್ರವೊಂದೂ ಇಲ್ಲ; ಯಾವೊಬ್ಬ ಗ್ರೀಕ್ ವೀರನ ಹೆಸರೂ ಬರುವುದಿಲ್ಲ. ಪರ್ಷಿಯದ ಸತ್ತ ದಂಡನಾಯಕರ ಹೆಸರುಗಳು ಮಾತ್ರ ಮತ್ತೆ ಮತ್ತೆ, ಹತ್ತಾರು, ಒಂದರ ಹಿಂದೊಂದು ಬರುತ್ತವೆ. ಮುದುಕರ ಮೇಳ ದಂಡಿನ ಸುದ್ದಿ ಬಾರದೆ ಕಳವಳಿಸುತ್ತದೆ. ರಾಜಮಾತೆ ಕೆಟ್ಟ ಕನಸು ಕಂಡು ಬಂದು, ಅಥೆನ್ಸ್ ಎಂಬುದು ಭೂಮಿಯ ಯಾವ ಕಡೆಗಿದೆ, ಆ ಜನಕ್ಕೆ ಒಡೆಯ ಯಾರು ಎಂದು ಕೇಳುತ್ತಾಳೆ. ಅವರು ಯಾರ ಆಳೂ ಅಲ್ಲ, ಯಾರ ಪ್ರಜೆಯೂ ಅಲ್ಲ ಎಂದು ಮೇಳ ಉತ್ತರಿಸುವಾಗ ಕುಳಿತವರ ಎದೆ ಉಬ್ಬಿರಬೇಕು. ಅಷ್ಟನ್ನು ಕವಿ ತನ್ನ ಊರಿಗೆ ಕೊಡುತ್ತಾನೆ. ಆಮೇಲೆ ದೂತ ಬರುತ್ತಾನೆ.

ಆ ದೂತನ ಮಾತು ಇಡೀ ಗ್ರೀಕ್ ರಂಗಭೂಮಿಯ ಅತ್ಯುತ್ತಮ ವರ್ಣನೆಗಳಲ್ಲಿ ಒಂದು. ಗ್ರೀಕರು ರಾತ್ರಿ ಓಡಿಹೋಗುತ್ತಾರೆಂಬ ಸುಳ್ಳು ಸುದ್ದಿಯನ್ನು ನಂಬಿದ ಪರ್ಷಿಯನ್ನರು ಇರುಳೆಲ್ಲ ಹುಟ್ಟು ಹಾಕುತ್ತ ಜಲಸಂಧಿಯನ್ನು ಕಾಯುತ್ತಾರೆ. ಯಾರೂ ಓಡುವುದಿಲ್ಲ. ಬೆಳಗಾಗುತ್ತಲೇ ಎದುರು ದಡದಿಂದ ಹಾಡಿನಂತೆ ರಣಘೋಷ ಏಳುತ್ತದೆ, ಬಂಡೆಗಳು ಅದನ್ನು ಮರುದನಿಸುತ್ತವೆ. ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡ ಹಡಗುಗಳು ಒಂದನ್ನೊಂದು ಇರಿಯುತ್ತವೆ. ಒಡೆದ ಮರ, ಹೆಣಗಳ ನಡುವೆ ಕಡಲೇ ಕಾಣದಾಗುತ್ತದೆ. ನೀರಿಗೆ ಬಿದ್ದವರನ್ನು ಗ್ರೀಕರು ಮುರಿದ ಹುಟ್ಟುಗಳಿಂದ, ಹಲಗೆಯ ತುಂಡುಗಳಿಂದ, ಬಲೆಗೆ ಬಿದ್ದ ದೊಡ್ಡ ಮೀನುಗಳನ್ನು ಬಡಿಯುವಂತೆ ಬಡಿದು ಕೊಂದರು ಎನ್ನುತ್ತಾನೆ ದೂತ. ಈ ಸಾಲು ಬಂದಾಗ ರಂಗದ ಎದುರು ಕುಳಿತಿದ್ದವರಲ್ಲಿ ಕೆಲವರಾದರೂ ಆ ಹುಟ್ಟು ತಮ್ಮ ಕೈಯಲ್ಲಿದ್ದುದನ್ನು ನೆನೆದಿರಬೇಕು. ತಾವು ಮಾಡಿದ್ದನ್ನು ಅವರು ಕೇಳುತ್ತಿರುವುದು ಮಾಡಿಸಿಕೊಂಡವನ ಬಾಯಿಂದ, ಅವನ ರಾಣಿಯ ಎದುರಿನಲ್ಲಿ. ನಾಟಕದ ಕೊನೆಗೆ ಹರಿದ ಬಟ್ಟೆಯಲ್ಲಿ ಬರುವ ಕ್ಸೆರ್‌ಕ್ಸೀಸ್ ಮತ್ತು ಮೇಳ ಎದುರುಬದುರಾಗಿ ರೋದಿಸುವುದು ಪುಟಗಟ್ಟಲೆ ನಡೆಯುತ್ತದೆ. ಇಷ್ಟಾಗಿ ಈಸ್ಕಿಲಸನಿಗೆ ಯಾರೂ ದಂಡ ಹಾಕಲಿಲ್ಲ; ಮೊದಲ ಬಹುಮಾನ ಕೊಟ್ಟರು. ಸ್ವಂತ ಅಳಲಿಗೆ ದಂಡ, ಹಗೆಯ ಅಳಲಿಗೆ ಬಹುಮಾನ.

ಇದನ್ನು ಗೆದ್ದವರ ಅಣಕವೆಂದು ಓದುವವರೂ ಇದ್ದಾರೆ. ಪರಕೀಯ ಉಡುಗೆ, ವೈಭವ, ಗೋಳಾಟಗಳನ್ನು ತೋರಿಸಿ ಅಥೆನ್ಸಿನವರು ನಕ್ಕರೆಂದು ಅವರ ವಾದ. ನಗಿಸುವುದೇ ಗುರಿಯಾಗಿದ್ದರೆ ಕ್ಸೆರ್‌ಕ್ಸೀಸನ ಸತ್ತ ತಂದೆ ಡೇರಿಯಸನ ಪ್ರೇತವನ್ನು ಎಬ್ಬಿಸಿ, ಮನುಷ್ಯನಾದವನು ಅಳತೆ ಮೀರಿ ಬಗೆಯಬಾರದು ಎಂಬ ಮಾತನ್ನು ಅಷ್ಟು ಗಂಭೀರವಾಗಿ ಆಡಿಸುವ ಅಗತ್ಯವಿರಲಿಲ್ಲ ಎಂದು ನನಗನ್ನಿಸುತ್ತದೆ. ಆ ಹೊತ್ತಿಗೆ ಅಥೆನ್ಸ್ ತಾನೇ ಮಿತ್ರರಾಜ್ಯಗಳ ಮೇಲೆ ಯಜಮಾನಿಕೆ ನಡೆಸಲು ಆರಂಭಿಸಿತ್ತು.

ಇತ್ತೀಚಿನ ಇತಿಹಾಸವನ್ನು ವಸ್ತುವಾಗಿಸಿದ ನಾಟಕಗಳಲ್ಲಿ ನಮಗೆ ಉಳಿದಿರುವುದು ಇದೊಂದೇ. ಉಳಿದವೆಲ್ಲ ಪುರಾಣದಿಂದ ಬಂದವು; ಅವುಗಳಲ್ಲೂ ಭೀಕರವಾದದ್ದು ನಡೆಯುವುದು ಹೆಚ್ಚಾಗಿ ಅಥೆನ್ಸಿನ ಹೊರಗೆ. ಮಗ ತಂದೆಯನ್ನು ಕೊಂದು ತಾಯಿಯನ್ನು ವರಿಸುವ ಊರು ಥೀಬ್ಸ್. ಅಣ್ಣತಮ್ಮಂದಿರು ಪರಸ್ಪರ ಇರಿದುಕೊಂಡು ಸಾಯುವುದು, ಸತ್ತ ಅಣ್ಣನಿಗೆ ಮಣ್ಣು ಕೊಟ್ಟದ್ದಕ್ಕೆ ಅಂತಿಗೊನೆಯನ್ನು ಜೀವಂತ ಗೋರಿಗೆ ಇಳಿಸುವುದು, ತಾಯಿ ಮಗನನ್ನು ಸಿಗಿದು ಹಾಕುವುದು, ಎಲ್ಲವೂ ಥೀಬ್ಸಿನಲ್ಲಿ. ಥೀಬ್ಸ್ ಕಾಲ್ಪನಿಕ ಊರೇನಲ್ಲ; ಅಥೆನ್ಸಿನ ನೆರೆಯ ಹಗೆ. ಅಥೆನ್ಸ್ ರಂಗದ ಮೇಲೆ ಬಂದಾಗಲಾದರೋ ಅದು ಬಹುಮಟ್ಟಿಗೆ ಆಶ್ರಯ ಕೊಡುವ, ನ್ಯಾಯ ಹೇಳುವ ಊರಾಗಿ ಬರುತ್ತದೆ. ಗಂಡನನ್ನು ಕೊಂದ ಕ್ಲೈಟೆಮ್ನೆಸ್ಟ್ರಾ, ಅವಳನ್ನು ಕೊಂದ ಮಗ ಒರೆಸ್ಟಿಸ್ ಇವರ ರಕ್ತದ ಲೆಕ್ಕ ಮೂರು ನಾಟಕಗಳಷ್ಟು ದೂರ ಹರಿದು, ಕೊನೆಗೆ ಅಥೆನ್ಸಿನ ನ್ಯಾಯಸ್ಥಾನದಲ್ಲಿ ಮತಗಳು ಸಮವಾಗಿ ಬಿದ್ದು ತೀರ್ಮಾನವಾಗುತ್ತದೆ. ಈಸ್ಕಿಲಸನ ಈ ‘ಒರೆಸ್ಟಿಯಾ’ (ಕ್ರಿ.ಪೂ. 458) ಪೂರ್ಣವಾಗಿ ಉಳಿದ ಒಂದೇ ತ್ರಿವಳಿ. ಅದನ್ನು ಎರಡು ಮಾತಿನಲ್ಲಿ ಮುಗಿಸುವುದು ಅನ್ಯಾಯವೇ ಸರಿ, ಆದರೆ ಅದಕ್ಕೆ ಬೇರೆಯೇ ಬರಹ ಬೇಕು.

ಈಡಿಪಸನ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಮ್ಮಲ್ಲಿ ಆ ನಾಟಕವನ್ನು ಹಣೆಬರಹದ ಕಥೆಯೆಂದು ಓದಿ ಕೆಳಗಿಡುವ ರೂಢಿ ಬಲವಾಗಿದೆ. ವಿಧಿ ಬರೆದಿತ್ತು, ಆಯಿತು ಎಂದುಬಿಟ್ಟರೆ ಸೊಫೊಕ್ಲಿಸ್ ಬರೆದ ನಾಟಕವೇ ಕೈತಪ್ಪುತ್ತದೆ. ತಂದೆಯನ್ನು ಕೊಂದದ್ದು, ತಾಯಿಯನ್ನು ಮದುವೆಯಾದದ್ದು ನಾಟಕ ತೊಡಗುವುದಕ್ಕೆ ಬಹಳ ಹಿಂದೆಯೇ ಮುಗಿದುಹೋಗಿವೆ. ರಂಗದ ಮೇಲೆ ನಡೆಯುವುದು ವಿಚಾರಣೆ. ಊರಿಗೆ ಸಾಂಕ್ರಾಮಿಕ ಬಡಿದಿದೆ, ಹಿಂದಿನ ದೊರೆಯ ಕೊಲೆಗಾರ ಸಿಕ್ಕಬೇಕು, ಹುಡುಕುವವನು ಈಡಿಪಸ್. ಕುರುಡ ಕಾಲಜ್ಞಾನಿ ಟೈರೇಸಿಯಸ್ ಬೇಡವೆನ್ನುತ್ತಾನೆ. ಅವನ ತಾಯಿಯೂ ಹೆಂಡತಿಯೂ ಆದ ಯೊಕಾಸ್ಟಾ ಗುಟ್ಟು ಹೊಳೆದು ದಮ್ಮಯ್ಯ ಎನ್ನುತ್ತಾಳೆ. ಈಡಿಪಸ್ ಕೂಸಾಗಿದ್ದಾಗ ಅವನನ್ನು ಕೊಲ್ಲದೆ ಉಳಿಸಿದ್ದ ಮುದಿ ಕುರುಬ, ದೇವರಾಣೆ, ಇನ್ನು ಕೇಳಬೇಡಿ ಎಂದು ಬೇಡುತ್ತಾನೆ. ಮೂವರೂ ತಡೆದರೂ ಅವನು ನಿಲ್ಲುವುದಿಲ್ಲ. ಕಣ್ಣು ಕಿತ್ತುಕೊಂಡು ಬಂದಾಗ ಮೇಳ ಯಾವ ದೇವತೆ ಹೀಗೆ ಮಾಡಿಸಿತೆಂದು ಕೇಳಿದರೆ, ಈ ಕೇಡನ್ನು ತಂದವನು ಅಪೊಲೊ, ಆದರೆ ಇರಿದ ಕೈ ನನ್ನದೇ ಎಂದು ಬಿಡಿಸಿ ಹೇಳುತ್ತಾನೆ. ಹಿಂದಿನ ಜನ್ಮದ ಲೆಕ್ಕವಿಲ್ಲದ, ಮುಂದಿನ ಜನ್ಮದ ಸಮಾಧಾನವೂ ಇಲ್ಲದ ಈ ಜಗತ್ತಿನಲ್ಲಿ ನಮ್ಮ ಕರ್ಮಸಿದ್ಧಾಂತವನ್ನು ಒಳಗೆ ತರಕೂಡದು. ಈ ನಾಟಕವಿದ್ದ ಗುಂಪಿಗೆ ಆ ವರ್ಷ ಎರಡನೆಯ ಬಹುಮಾನ ಬಂತು. ಮೊದಲನೆಯದು ಈಸ್ಕಿಲಸನ ಸೋದರಳಿಯ ಫಿಲೊಕ್ಲಿಸನಿಗೆ ಹೋಯಿತು. ಅವನ ನಾಟಕ ಯಾವುದೂ ಪೂರ್ಣವಾಗಿ ಉಳಿದಿಲ್ಲ. ಸ್ಪರ್ಧೆಯ ತೀರ್ಪುಗಳ ಬಗ್ಗೆ ತಲೆ ಕೆಡಿಸಿಕೊಳ್ಳುವವರಿಗೆ ಇದೊಂದು ಔಷಧಿ.

ಊರಿನ ದೂರ, ಕಾಲದ ದೂರಗಳ ಜೊತೆಗೆ ಕಣ್ಣಿನ ದೂರವೂ ಒಂದಿದೆ. ಯೊಕಾಸ್ಟಾ ನೇಣು ಹಾಕಿಕೊಳ್ಳುವುದನ್ನಾಗಲಿ, ಈಡಿಪಸ್ ಅವಳ ಉಡುಗೆಯ ಚಿನ್ನದ ಪಿನ್ನುಗಳನ್ನು ಕಿತ್ತು ಕಣ್ಣಿಗೆ ಚುಚ್ಚಿಕೊಳ್ಳುವುದನ್ನಾಗಲಿ ಪ್ರೇಕ್ಷಕರು ನೋಡುವುದಿಲ್ಲ. ಒಳಗಿನಿಂದ ಬಂದ ಆಳು ಅದನ್ನು ಹೇಳುತ್ತಾನೆ. ಕೊಲೆಗಳು ಬಾಗಿಲ ಹಿಂದೆ ನಡೆಯುತ್ತವೆ, ಕೂಗು ಕೇಳಿಸುತ್ತದೆ, ಆಮೇಲೆ ಗಾಲಿಗಳ ಮೇಲೆ ಹೊರಗೆ ತಳ್ಳುವ ವೇದಿಕೆಯಲ್ಲಿ ಹೆಣಗಳನ್ನು ತೋರಿಸುವುದೂ ಉಂಟು. ಇದಕ್ಕೆ ಸಭ್ಯತೆ, ಧಾರ್ಮಿಕ ನಿಷೇಧ, ನಟರ ಕೊರತೆ ಎಂದು ಹಲವು ಕಾರಣಗಳನ್ನು ಹೇಳುತ್ತಾರೆ. ನನಗೆ ಮುಖ್ಯವೆನಿಸುವುದು ಪರಿಣಾಮ. ಕಂಡದ್ದು ಕಣ್ಣಿಗೆ ಒಮ್ಮೆಗೇ ಮುಗಿಯುತ್ತದೆ. ಹೇಳಿದ್ದನ್ನು ಕೇಳುವವನು ತಾನೇ ಕಟ್ಟಿಕೊಳ್ಳಬೇಕು, ಹೇಳುವವನ ನಡುಕವನ್ನೂ ಸೇರಿಸಿಕೊಂಡು.

ಯೂರಿಪಿಡೀಸನ ಹೊತ್ತಿಗೆ ಈ ದೂರ ಅಪಾಯಕಾರಿಯಾಗಿ ಕಡಿಮೆಯಾಯಿತು. ಕ್ರಿ.ಪೂ. 416ರಲ್ಲಿ ಅಥೆನ್ಸ್ ತನ್ನ ಪಕ್ಷಕ್ಕೆ ಸೇರಲೊಪ್ಪದ ಮೀಲೊಸ್ ಎಂಬ ಪುಟ್ಟ ದ್ವೀಪವನ್ನು ಮುತ್ತಿತು. ಆ ಚಳಿಗಾಲದಲ್ಲಿ ಅದು ಶರಣಾದಾಗ ಸಿಕ್ಕ ಗಂಡಸರನ್ನೆಲ್ಲ ಕೊಂದು, ಹೆಂಗಸರು ಮಕ್ಕಳನ್ನು ದಾಸರನ್ನಾಗಿ ಮಾರಿತು. ಮಿಲೇಟಸಿಗೆ ಪರ್ಷಿಯ ಮಾಡಿದ್ದನ್ನೇ ಮೀಲೊಸಿಗೆ ಅಥೆನ್ಸ್ ಮಾಡಿತು. ಮರುವಸಂತದಲ್ಲಿ, ಕ್ರಿ.ಪೂ. 415ರಲ್ಲಿ, ಯೂರಿಪಿಡೀಸ್ ‘ಟ್ರಾಯ್ ಹೆಂಗಸರು’ ನಾಟಕವನ್ನು ಆಡಿಸಿದ. ಟ್ರಾಯ್ ಬಿದ್ದಿದೆ, ಗಂಡಸರು ಸತ್ತಿದ್ದಾರೆ, ಯಾವ ಹೆಂಗಸು ಯಾವ ಗ್ರೀಕನ ಪಾಲಿಗೆ ಎಂಬ ಹಂಚಿಕೆ ನಡೆಯುತ್ತಿದೆ, ಕಥೆಯೆಂದರೆ ಇಷ್ಟೇ. ನಾಟಕವನ್ನು ಮೀಲೊಸಿನ ಘಟನೆಗೆ ಮೊದಲೇ ಬರೆಯಲು ತೊಡಗಿರಬಹುದು ಎನ್ನುವ ವಿದ್ವಾಂಸರಿದ್ದಾರೆ. ಇರಬಹುದು. ನೋಡಿದವರಿಗೆ ಆ ನೆನಪು ಬಾರದೆ ಇರಲು ಸಾಧ್ಯವಿರಲಿಲ್ಲ.

ಅದರಲ್ಲಿ ಟಾಲ್ತಿಬಿಯಸ್ ಎಂಬ ಗ್ರೀಕ್ ದೂತನಿದ್ದಾನೆ. ಕೆಟ್ಟ ಸುದ್ದಿಗಳನ್ನೆಲ್ಲ ತರುವ ಕೆಲಸ ಅವನದು. ಟ್ರಾಯಿನ ಸತ್ತ ವೀರ ಹೆಕ್ಟರನ ಎಳೆಯ ಮಗ ಬೆಳೆದರೆ ಅಪಾಯವೆಂದು ಅವನನ್ನು ಕೋಟೆಯ ಗೋಡೆಯಿಂದ ಕೆಳಗೆಸೆಯಲು ಗ್ರೀಕರು ನಿರ್ಧರಿಸಿದಾಗ, ತಾಯಿಯ ಕೈಯಿಂದ ಮಗುವನ್ನು ಬಿಡಿಸಿಕೊಳ್ಳಬೇಕಾದವನೂ ಅವನೇ. ತಾಯಿಯನ್ನು ಹಡಗು ಹತ್ತಿಸಿ ಕಳುಹಿಸಿಬಿಡುತ್ತಾರೆ. ಮಗುವಿನ ಹೆಣವನ್ನು ಅಜ್ಜಿ ಹೆಕ್ಯುಬಾಳ ಬಳಿಗೆ ತಂದಾಗ ಟಾಲ್ತಿಬಿಯಸ್ ಒಂದು ಮಾತು ಹೇಳುತ್ತಾನೆ: ನಿನಗೊಂದು ಕೆಲಸ ಕಡಿಮೆ ಮಾಡಿದ್ದೇನೆ; ಸ್ಕಮಾಂಡರ್ ಹೊಳೆ ದಾಟುವಾಗ ಹೆಣವನ್ನು ತೊಳೆದು, ಗಾಯಗಳನ್ನು ಶುಚಿ ಮಾಡಿದೆ; ಈಗ ಹೋಗಿ ಗುಂಡಿ ತೋಡುತ್ತೇನೆ. ಅಪ್ಪಣೆಯನ್ನು ಮೀರದ, ಮೀರುವ ಯೋಚನೆಯನ್ನೂ ಮಾಡದ ಒಬ್ಬ ನೌಕರ, ಅಪ್ಪಣೆಯಲ್ಲಿಲ್ಲದ ಈ ಕೆಲಸವನ್ನು ಮಾತ್ರ ತಾನಾಗಿ ಮಾಡುತ್ತಾನೆ. ಹೆಕ್ಯುಬಾ ಮೊಮ್ಮಗನನ್ನು ಅವನ ತಂದೆಯ ಗುರಾಣಿಯ ಮೇಲೆ ಮಲಗಿಸಿ, ಈ ಗೋರಿಯ ಮೇಲೆ ಕವಿ ಏನು ಬರೆದಾನು, ಈ ಕೂಸಿಗೆ ಹೆದರಿ ಗ್ರೀಕರು ಇದನ್ನು ಕೊಂದರು ಎಂದೇ ಎಂದು ಕೇಳುತ್ತಾಳೆ. ಯೂರಿಪಿಡೀಸನಿಗೆ ಎರಡನೆಯ ಸ್ಥಾನ ಸಿಕ್ಕಿತು. ಕೆಲವೇ ತಿಂಗಳುಗಳಲ್ಲಿ ಅಥೆನ್ಸ್ ಸಿಸಿಲಿಯ ಮೇಲೆ ಮಹಾದಂಡಯಾತ್ರೆ ಹೊರಟಿತು. ಎರಡು ವರ್ಷಗಳ ನಂತರ ಆ ಸೇನೆ ಸರ್ವನಾಶವಾಯಿತು.

ಆದ್ದರಿಂದ ಈ ನಾಟಕಗಳು ಜನರ ಮನಸ್ಸನ್ನು ತಿದ್ದಿದವು ಎಂದು ಹೇಳುವ ಧೈರ್ಯ ನನಗಿಲ್ಲ. ಹಗೆಯ ಶೋಕಕ್ಕೆ ಮರುಗಿದ ನಗರವೇ ಮೀಲೊಸಿನಲ್ಲಿ ಮರುಗಲಿಲ್ಲ. ರಂಗದ ಮೇಲೆ ದಾಸಿಯರಾಗುವ ರಾಣಿಯರಿಗಾಗಿ ಅತ್ತವರ ಮನೆಗಳಲ್ಲಿ ದಾಸದಾಸಿಯರು ದುಡಿಯುತ್ತಿದ್ದರು. ಯೂರಿಪಿಡೀಸನ ನಾಯಕಿ ಮೀಡಿಯಾಳಂತಹ ಪಾತ್ರದ ಬಾಯಲ್ಲಿ, ಒಂದು ಹೆರಿಗೆಗಿಂತ ಮೂರು ಸಲ ಯುದ್ಧಕ್ಕೆ ಹೋಗುವುದು ಮೇಲು ಎಂದು ಹೇಳಿಸಿದ ನಗರದಲ್ಲಿ ಹೆಂಗಸಿಗೆ ಮತವಿರಲಿಲ್ಲ, ಆ ಮಾತನ್ನು ಆಡಿದ ನಟನೂ ಗಂಡಸೇ. ರುದ್ರನಾಟಕದ ಮಹಿಮೆಯನ್ನು ಹೊಗಳುವವರು ಈ ಕಡೆಯನ್ನು ಬೇಗ ದಾಟಿಬಿಡುತ್ತಾರೆ. ಹಾಗಿದ್ದರೂ, ತಪ್ಪು ಮಾಡುತ್ತಿರುವಾಗಲೇ ಅದನ್ನು ನಗರದ ಹಣದಲ್ಲಿ, ನಗರದ ಹಬ್ಬದಲ್ಲಿ ಆಡಿ ತೋರಿಸಲು ಬಿಟ್ಟ ಜನರು ಚರಿತ್ರೆಯಲ್ಲಿ ಹೆಚ್ಚಿಲ್ಲ.

ದೂರ ಪೂರಾ ಇಲ್ಲವಾದರೆ ಏನಾಗುತ್ತದೆ ಎಂಬುದಕ್ಕೆ ಯೂರಿಪಿಡೀಸನ ಕೊನೆಯ ನಾಟಕಗಳಲ್ಲೊಂದಾದ ‘ಬಾಕೆ’ಯೇ ಸಾಕ್ಷಿ. ಅವನು ಮ್ಯಾಸಿಡೋನಿಯಾದಲ್ಲಿ ತೀರಿಕೊಂಡ ಮೇಲೆ ಅಥೆನ್ಸಿನಲ್ಲಿ ಆಡಿದ ನಾಟಕವಿದು. ಡಯೊನೀಸಸನ ಉನ್ಮಾದದಲ್ಲಿ ಅಗಾವೆ ಬೆಟ್ಟದ ಮೇಲೆ ತನ್ನ ಮಗನನ್ನೇ ಸಿಂಹವೆಂದು ತಿಳಿದು ಸಿಗಿದು, ತಲೆಯನ್ನು ಹಿಡಿದು ಸಂಭ್ರಮದಿಂದ ಊರಿಗೆ ಬರುತ್ತಾಳೆ. ಅವಳ ಮುದಿ ತಂದೆ ಕ್ಯಾಡ್ಮಸ್ ಮಗಳನ್ನು ಮರಳಿ ಎಚ್ಚರಕ್ಕೆ ತರುವ ಕ್ರಮ ಅದ್ಭುತವಾದದ್ದು. ಮೊದಲು ಆಕಾಶವನ್ನು ನೋಡು ಎನ್ನುತ್ತಾನೆ. ಮೊದಲಿನಂತೆಯೇ ಇದೆಯೋ, ಬದಲಾಗಿದೆಯೋ? ಮೊದಲಿಗಿಂತ ತಿಳಿಯಾಗಿದೆ ಎನ್ನುತ್ತಾಳೆ. ನಿನ್ನನ್ನು ಯಾವ ಮನೆಗೆ ಕೊಟ್ಟೆ? ನಿನಗೆ ಹುಟ್ಟಿದ ಮಗ ಯಾರು? ಈಗ ನಿನ್ನ ಕೈಯಲ್ಲಿರುವುದು ಯಾರ ಮುಖ? ಸಿಂಹದ್ದು, ಬೇಟೆಯವರು ಹಾಗೆಂದರು ಎನ್ನುತ್ತಾಳೆ. ಸರಿಯಾಗಿ ನೋಡು, ನೋಡುವುದಕ್ಕೆ ಹೆಚ್ಚು ಹೊತ್ತು ಬೇಡ ಎನ್ನುತ್ತಾನೆ. ಮೂವರೇ ನಟರ ಲೆಕ್ಕದಲ್ಲಿ, ಮಗನ ಪಾತ್ರ ಮಾಡಿದ ನಟನೇ ಬಹುಶಃ ತಾಯಿಯ ಪಾತ್ರವನ್ನೂ ಮಾಡಿದ್ದಾನು. ಅವನ ಕೈಯಲ್ಲಿದ್ದುದು ಆಗಷ್ಟೇ ಕಳಚಿದ ತನ್ನದೇ ಮುಖವಾಡವಿದ್ದೀತು.

ಕ್ರಿ.ಪೂ. 53ರಲ್ಲಿ ಇರಾನಿನ ಪಾರ್ಥಿಯನ್ನರು ರೋಮನ್ ದಂಡನಾಯಕ ಕ್ರಾಸಸನನ್ನು ಸೋಲಿಸಿ ಕೊಂದಾಗ, ಅವನ ತಲೆಯನ್ನು ತಂದದ್ದು ಅವರ ದೊರೆ ಒಂದು ಮದುವೆಯ ಔತಣದಲ್ಲಿ ಈ ನಾಟಕದ ಭಾಗವನ್ನು ಕೇಳುತ್ತಿದ್ದ ಹೊತ್ತಿಗೆ ಎಂದು ಪ್ಲುಟಾರ್ಕ್ ಬರೆಯುತ್ತಾನೆ. ನಟ ಜೇಸನ್ ಕೈಯಲ್ಲಿದ್ದ ವೇಷದ ಸಾಮಗ್ರಿಯನ್ನು ಬಿಟ್ಟು, ಆ ನಿಜವಾದ ತಲೆಯನ್ನೇ ಹಿಡಿದು ಅಗಾವೆಯ ಸಾಲುಗಳನ್ನು ಹಾಡಿದನಂತೆ. ಸಭೆ ಚಪ್ಪಾಳೆ ತಟ್ಟಿತು. ಅಲ್ಲಿ ಹಾಡಿದ ಶಬ್ದಗಳು ಯೂರಿಪಿಡೀಸನವೇ, ನಡೆದದ್ದು ರುದ್ರನಾಟಕವಲ್ಲ.

ನೂರಾರು ನಾಟಕಗಳಲ್ಲಿ ನಮ್ಮ ಕೈಗೆ ಬಂದವು ಅತ್ಯಲ್ಪ. ಸೊಫೊಕ್ಲಿಸ್ ನೂರಿಪ್ಪತ್ತರಷ್ಟು ಬರೆದ, ಉಳಿದವು 7. ಈಸ್ಕಿಲಸನ ಹೆಸರಿನಲ್ಲಿ 7, ಯೂರಿಪಿಡೀಸನ ಹೆಸರಿನಲ್ಲಿ 19. ಇವೆರಡರಲ್ಲೂ ಒಂದೊಂದರ ಕರ್ತೃತ್ವದ ಬಗ್ಗೆ ಸಂದೇಹಗಳಿವೆ. ಈಜಿಪ್ಟಿನ ದೊರೆ ಮೂರನೆಯ ಟಾಲೆಮಿ ಅಥೆನ್ಸಿನಿಂದ ಅಧಿಕೃತ ಪ್ರತಿಗಳನ್ನು 15 ಟ್ಯಾಲೆಂಟ್ ಬೆಳ್ಳಿಯ ಠೇವಣಿಯಿಟ್ಟು ಎರವಲು ತರಿಸಿಕೊಂಡು, ಅಂದವಾಗಿ ನಕಲು ಮಾಡಿಸಿ, ನಕಲುಗಳನ್ನು ವಾಪಸು ಕಳುಹಿಸಿ ಮೂಲವನ್ನು ಇಟ್ಟುಕೊಂಡನೆಂದು ವೈದ್ಯ ಗ್ಯಾಲನ್ ಹೇಳುತ್ತಾನೆ. ಠೇವಣಿ ಮುಳುಗಿದರೆ ಮುಳುಗಲಿ ಎಂದನಂತೆ. ಗ್ರಂಥಾಲಯದ ಪುಸ್ತಕ ಹಿಂತಿರುಗಿಸದವರಿಗೆ ಇಷ್ಟು ಘನವಾದ ಪೂರ್ವಜ ಇನ್ನೊಬ್ಬನಿಲ್ಲ.

ಕನ್ನಡದಲ್ಲಿ ಓದಲು ಬಯಸುವವರಿಗೆ ಪಿ. ಲಂಕೇಶರು ಅನುವಾದಿಸಿದ ಈಡಿಪಸ್, ಅಂತಿಗೊನೆಗಳಿವೆ. ಅವಕ್ಕಿಂತ ಬಹಳ ಮೊದಲೇ ಬಿ.ಎಂ. ಶ್ರೀಕಂಠಯ್ಯನವರು ಈ ಕೆಲಸಕ್ಕೆ ಕೈಹಾಕಿದ್ದರು. ಅವರು ಆರಿಸಿಕೊಂಡ ವಸ್ತುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಎಳೆ ಕಾಣಿಸುತ್ತದೆ. 1926ರಲ್ಲಿ ರನ್ನನ ಕಾವ್ಯದಿಂದ ದುರ್ಯೋಧನನನ್ನು ಎತ್ತಿಕೊಂಡು ರುದ್ರನಾಟಕ ಕಟ್ಟಿದರು. 1929ರಲ್ಲಿ ಸೊಫೊಕ್ಲಿಸನ ‘ಅಜಾಕ್ಸ್’ ನಾಟಕವನ್ನು ಮಹಾಭಾರತಕ್ಕೆ ಒಗ್ಗಿಸಿ ‘ಅಶ್ವತ್ಥಾಮನ್’ ಬರೆದರು. ಚಿರಂಜೀವಿಯೆಂದು ಪುರಾಣ ಹೇಳುವವನನ್ನು ಗ್ರೀಕ್ ನಾಯಕನಂತೆ ಆತ್ಮಹತ್ಯೆಗೆ ಒಯ್ದರು. 1935ರಲ್ಲಿ ಈಸ್ಕಿಲಸನ ಪರ್ಷಿಯನ್ನರನ್ನು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದರು. ಮೂರೂ ಸೋತವರ ಪಾಳೆಯದ ನಾಟಕಗಳು. ಇದಕ್ಕೆ ನೆಲ ಇಲ್ಲಿಯೂ ಹದವಾಗಿತ್ತು: ರನ್ನನ ದುರ್ಯೋಧನ ಹೆಣಗಳ ನಡುವೆ ನಡೆಯುತ್ತ ಬಂದು, ಹಗೆಯ ಮಗ ಅಭಿಮನ್ಯುವಿನ ಮುಂದೆ ನಿಂತು, ನಿನಗೆ ಬಂದಂತಹ ಸಾವು ನನಗೂ ಬರಲಿ ಎಂದು ಕೈಮುಗಿದಿದ್ದ.

ಹೊಸಬರು ಎಲ್ಲಿಂದ ತೊಡಗಬೇಕೆಂದು ಕೇಳಿದರೆ ನಾನು ಹೇಳುವುದು ಈಡಿಪಸನನ್ನಲ್ಲ, ‘ಅಜಾಕ್ಸ್’ ನಾಟಕವನ್ನು. ಅದರ ಮೊದಲ ದೃಶ್ಯವೇ ಸಾಕು. ಬುದ್ಧಿ ಕೆಟ್ಟು, ದನಕುರಿಗಳನ್ನು ಗ್ರೀಕ್ ನಾಯಕರೆಂದು ಭ್ರಮಿಸಿ ಕಡಿಯುತ್ತಿರುವ, ಟ್ರಾಯ್ ಯುದ್ಧದ ಗ್ರೀಕ್ ವೀರ ಅಜಾಕ್ಸನನ್ನು ದೇವತೆ ಅಥೀನಾ ಇನ್ನೊಬ್ಬ ಗ್ರೀಕ್ ನಾಯಕ ಒಡಿಸಿಯಸನಿಗೆ ತೋರಿಸುತ್ತಾಳೆ. ಅವನು ಕೊಲ್ಲಲು ಹೊರಟಿದ್ದವರಲ್ಲಿ ಒಡಿಸಿಯಸನೂ ಒಬ್ಬ. ಹಗೆಗಳನ್ನು ನೋಡಿ ನಗುವುದಕ್ಕಿಂತ ಸವಿಯಾದ ನಗು ಉಂಟೇ ಎಂದು ದೇವತೆ ಕೇಳುತ್ತಾಳೆ. ಒಡಿಸಿಯಸ್ ನಗುವುದಿಲ್ಲ. ಹಗೆಯೇ ಆದರೂ ಅವನಿಗಾಗಿ ಮರುಗುತ್ತೇನೆ, ಅವನಲ್ಲಿ ನನ್ನ ಗತಿಯನ್ನೇ ಕಾಣುತ್ತಿದ್ದೇನೆ, ಬದುಕಿರುವ ನಾವೆಲ್ಲ ಬರಿಯ ನೆರಳು ಎನ್ನುತ್ತಾನೆ. ನಾಟಕದ ಕೊನೆಗೆ ಅಜಾಕ್ಸನ ಹೆಣಕ್ಕೆ ಮಣ್ಣು ಸಿಗುವಂತೆ ವಾದಿಸಿ ಗೆಲ್ಲುವವನೂ ಅವನೇ. ಆದರೆ ಸಂಸ್ಕಾರದಲ್ಲಿ ಕೈಗೂಡಿಸಲು ಬಂದಾಗ ಸತ್ತವನ ತಮ್ಮ ಟ್ಯೂಸರ್, ನಿನ್ನ ಔದಾರ್ಯ ದೊಡ್ಡದು, ಹೆಣವನ್ನು ಮಾತ್ರ ಮುಟ್ಟಬೇಡ, ಅದು ನನ್ನಣ್ಣನಿಗೆ ಹಿಡಿಸಲಾರದು ಎನ್ನುತ್ತಾನೆ. ಒಡಿಸಿಯಸ್ ಅದನ್ನು ಒಪ್ಪಿ ಹೊರಟುಹೋಗುತ್ತಾನೆ. ಇಂಗ್ಲಿಷಿನಲ್ಲಿ ಓದುವುದಾದರೆ ಯಾವ ಅನುವಾದ ಸಿಕ್ಕರೂ ನಡೆಯುತ್ತದೆ, ಒಂದೇ ಕೂರಿಕೆಗೆ ಓದಿ ಮುಗಿಸಬಹುದು. ಮೇಳದ ಹಾಡುಗಳು ಬಂದಾಗ ಪುಟ ಹಾರಿಸದೆ ಗಟ್ಟಿಯಾಗಿ ಓದಿಕೊಳ್ಳುವುದು ಒಳ್ಳೆಯದು.